ಟ್ಯಾಂಕ್ ಕಟ್ಟಿದ ಮಾತ್ರಕ್ಕೆ ನೀರು ಬರುವುದಿಲ್ಲ

(ಗದಗ ತಾಲೂಕಿನ ಒಂದು ಊರಿನ ಅರಿವು ಕೇಂದ್ರದಲ್ಲಿ, ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವ ತಾಯಂದಿರು ಒಳಗೆ ಬನ್ನಿ, ಜಾಗ ಇದೆ. ಇವತ್ತು ನಾನು ಆಡುವ ಮಾತು ಜಾಸ್ತಿ ನಿಮಗೇ ಸಂಬಂಧಪಟ್ಟದ್ದು.

ಬರುವಾಗ ನಿಮ್ಮೂರ ನೀರಿನ ಟ್ಯಾಂಕ್ ನೋಡಿಕೊಂಡು ಬಂದೆ. ಅದರ ಕಂಬದ ಮೇಲೆ ಒಂದು ಬಿಳಿ ಚೌಕ ಇದೆ. 'ಸ್ವಚ್ಛಗೊಳಿಸಿದ ದಿನಾಂಕ' ಅಂತ ಬರೆದಿದೆ. ಮುಂದೆ ದಿನಾಂಕವೂ ಇದೆ, ಹೋದ ತಿಂಗಳದ್ದು. ನೋಡಿ ಮನಸ್ಸಿಗೆ ಸಮಾಧಾನ ಆಯಿತು. ಎಷ್ಟೋ ಊರಲ್ಲಿ ಆ ಚೌಕ ಖಾಲಿ ಇರುತ್ತದೆ. ಇನ್ನು ಕೆಲವು ಕಡೆ ಟ್ಯಾಂಕ್ ಉದ್ಘಾಟನೆಯಾದ ದಿನ ಬರೆದದ್ದೇ ಕೊನೆ. ಉದ್ಘಾಟನೆಯ ಕಲ್ಲು ಮಾತ್ರ ಕೆಳಗೆ ಹೊಳೆಯುತ್ತಿರುತ್ತದೆ, ಎಲ್ಲ ಹೆಸರುಗಳ ಸಮೇತ.

ನಾನು ಪಂಚಾಯಿತಿಯಲ್ಲಿ ಕರ ವಸೂಲಿಗಾರನಾಗಿ ಸೇರಿದವನು. ಕೈಯಲ್ಲಿ ರಶೀದಿ ಪುಸ್ತಕ, ಹೆಗಲಿಗೆ ಒಂದು ಚೀಲ. ಮನೆ ಮನೆ ತಿರುಗಿ ಕೆಲಸ ಕಲಿತೆ. ಆಮೇಲೆ ಕಾರ್ಯದರ್ಶಿಯಾಗಿ ನಿವೃತ್ತನಾದೆ. ಇಷ್ಟು ವರ್ಷದಲ್ಲಿ ಒಂದು ವಿಷಯ ನನಗೆ ಗಟ್ಟಿಯಾಗಿ ತಿಳಿದಿದೆ. ನಮ್ಮ ಊರುಗಳಲ್ಲಿ ಕಟ್ಟುವುದಕ್ಕೆ ದುಡ್ಡು ಬರುತ್ತದೆ. ಕಟ್ಟಿದ್ದನ್ನು ದಿನಾ ನಡೆಸುವುದಕ್ಕೆ ಯಾರೂ ಬರುವುದಿಲ್ಲ. ಅದನ್ನು ನಾವೇ ಮಾಡಬೇಕು.

ನೀರಿನಿಂದಲೇ ಶುರು ಮಾಡುತ್ತೇನೆ. 2019ರ ಆಗಸ್ಟ್ 15ಕ್ಕೆ ಜಲ ಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಅಂದರು. ಪ್ರತಿ ಮನೆಗೆ ನಳ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಐದು ಜನರ ಮನೆಗೆ 275 ಲೀಟರ್ ಆಯಿತು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಹದಿನೆಂಟು ಕೊಡ. ನಮ್ಮ ಅವ್ವಂದಿರು ಹದಿನೆಂಟು ಕೊಡ ತರಲು ಕೆರೆಗೆ, ಬಾವಿಗೆ ಎಷ್ಟು ಸಲ ಹೋಗಿ ಬರುತ್ತಿದ್ದರು ಅಂತ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಿಲ್ಲ. ಅದಕ್ಕೇ ಈ ಯೋಜನೆ ದೊಡ್ಡದು. ಅದರ ಬಗ್ಗೆ ನನಗೆ ಗೌರವ ಇದೆ.

ಈಗ ಮೂರು ಸಾವಿರ ಜನರ ಊರು ಅಂತ ಇಟ್ಟುಕೊಳ್ಳಿ. ದಿನಕ್ಕೆ 1,65,000 ಲೀಟರ್ ಬೇಕು. ಊರಲ್ಲಿರುವ ಟ್ಯಾಂಕ್ 50,000 ಲೀಟರಿನದು ಆದರೆ ದಿನಕ್ಕೆ ಮೂರು ಸಲ ತುಂಬಿದರೂ ಸಾಲದು. ಯಾರು ತುಂಬುತ್ತಾರೆ? ಕರೆಂಟ್ ಬಂತೋ ಇಲ್ಲವೋ ಯಾರು ನೋಡುತ್ತಾರೆ? ಯಾವ ಓಣಿಯ ವಾಲ್ವ್ ಯಾವಾಗ ತಿರುಗಿಸಬೇಕು ಅಂತ ಯಾರಿಗೆ ಗೊತ್ತು?

ನೀರುಗಂಟಿಗೆ.

ನಾನು ಕೆಲಸ ಮಾಡಿದ ಊರಿನ ನೀರುಗಂಟಿಯನ್ನು ಈಗಲೂ ನೆನಸಿಕೊಳ್ಳುತ್ತೇನೆ. ಅವನ ಹತ್ತಿರ ಇದ್ದದ್ದು ಒಂದು ಉದ್ದನೆಯ ವಾಲ್ವ್ ಕೀಲಿ, ಒಂದು ಬ್ಯಾಟರಿ, ಮುರಿದ ಸೀಟಿನ ಒಂದು ಸೈಕಲ್. ಊರಿನ ಪೈಪ್‌ಗಳ ನಕಾಶೆ ಕಚೇರಿಯಲ್ಲಿ ಇರಲಿಲ್ಲ. ಅವನ ತಲೆಯಲ್ಲಿತ್ತು. 'ಇಲ್ಲಿ ಬೇವಿನ ಗಿಡದಿಂದ ನಾಲ್ಕು ಮಾರು ಬಿಟ್ಟು ಅಗೀರಿ, ಜಾಯಿಂಟ್ ಸಿಗ್ತದ' ಅನ್ನುತ್ತಿದ್ದ. ಅಗೆದರೆ ಸಿಗುತ್ತಿತ್ತು. ಮೂರು ಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ಅವನೂ ರಾತ್ರಿ ಎರಡಕ್ಕೆ ಏಳುತ್ತಿದ್ದ. ಬೆಳಿಗ್ಗೆ ಓಣಿಯಲ್ಲಿ ಹೋದರೆ ಎಲ್ಲರದೂ ಒಂದೇ ಪ್ರಶ್ನೆ, 'ನೀರು ಯಾವಾಗ ಬಿಡ್ತಿಯೋ?' ಊಟ ಆಯ್ತಾ ಅಂತ ಕೇಳಿದವರನ್ನು ನಾನು ಜಾಸ್ತಿ ನೋಡಲಿಲ್ಲ. ಅವನು ನಿವೃತ್ತನಾದ ಮೇಲೆ ಆರು ತಿಂಗಳು ನಾವು ಊರೆಲ್ಲ ಅಗೆದೆವು. ಅವನು ಇದ್ದಾಗಲೇ ಒಂದು ನಕಾಶೆ ಬರೆಸಿಕೊಳ್ಳಬೇಕಿತ್ತು ಅಂತ ಆಗ ಹೊಳೆಯಿತು. ನಿಮ್ಮೂರ ನೀರುಗಂಟಿ ಇಲ್ಲೇ ಇದ್ದಾರೆ ಅಂತ ಕೇಳಿದೆ. ಈ ಅರಿವು ಕೇಂದ್ರಕ್ಕೆ ಬರುವ ಹುಡುಗರು ಒಂದು ಭಾನುವಾರ ಅವರ ಜೊತೆ ಊರು ಸುತ್ತಿ. ವಾಲ್ವ್ ಎಲ್ಲಿದೆ, ಜಾಯಿಂಟ್ ಎಲ್ಲಿದೆ, ಪೈಪ್ ಎಲ್ಲಿ ಗಟಾರ ದಾಟುತ್ತದೆ, ಎಲ್ಲ ಬರೆದುಕೊಳ್ಳಿ. ಒಂದು ಪ್ರತಿ ಪಂಚಾಯಿತಿಗೆ ಕೊಡಿ, ಇನ್ನೊಂದು ಇಲ್ಲಿ ಗೋಡೆಗೆ ಹಾಕಿ.

ಗಟಾರ ದಾಟುವ ಪೈಪ್ ಅಂದೆ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು ವರ್ಷ, ಮಳೆಗಾಲ ಶುರುವಾದ ಹೊಸತು. ನಮ್ಮ ಒಂದು ಓಣಿಯಲ್ಲಿ ಮಕ್ಕಳಿಗೆ ವಾಂತಿ-ಭೇದಿ ಶುರುವಾಯಿತು. ಮೊದಲು ಎರಡು ಮನೆ, ಮೂರನೇ ದಿನಕ್ಕೆ ಒಂಬತ್ತು ಮನೆ. ಪಕ್ಕದ ಓಣಿಯಲ್ಲಿ ಯಾರಿಗೂ ಏನೂ ಇಲ್ಲ. ಎರಡೂ ಓಣಿಗೆ ಒಂದೇ ಟ್ಯಾಂಕಿನ ನೀರು. ನೀರುಗಂಟಿ ಸುಮ್ನೆ ಆ ಓಣಿಯಲ್ಲಿ ನಡೆದ. ಒಂದು ಕಡೆ ಗಟಾರದ ಪಕ್ಕ ನೆಲ ಸದಾ ಹಸಿ ಇತ್ತು, ಹುಲ್ಲು ಬೆಳೆದಿತ್ತು. 'ಇಲ್ಲೇ' ಅಂದ. ಎರಡು ಅಡಿ ಅಗೆದೆವು. ಪೈಪಿನ ಜಾಯಿಂಟ್ ಬಿಟ್ಟುಕೊಂಡಿತ್ತು. ಯಾರೋ ಯಾವತ್ತೋ ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ, ಮೇಲೆ ತಂತಿ ಬಿಗಿದಿದ್ದರು. ಟ್ಯೂಬ್ ಕೊಳೆತು ಹೋಗಿತ್ತು. ಸುತ್ತ ಕಪ್ಪು ನೀರು, ಗಟಾರದ್ದೇ ವಾಸನೆ. ಅದೇ ಪೈಪಿನ ನೀರು ಒಂಬತ್ತು ಮನೆಯ ಕೊಡಕ್ಕೆ ಹೋಗುತ್ತಿತ್ತು. ಮಕ್ಕಳೆಲ್ಲ ಹುಷಾರಾದರು, ದೇವರು ದೊಡ್ಡವನು. ಆದರೆ ಆ ಸೈಕಲ್ ಟ್ಯೂಬ್ ನನ್ನ ಕಣ್ಣಿಂದ ಹೋಗಿಲ್ಲ. ಆ ಜಾಗ ಹಸಿ ಇರುವುದನ್ನು ನಾನೇ ಎಷ್ಟೋ ಸಲ ದಾಟಿ ಹೋಗಿದ್ದೆ, ವಸೂಲಿಗೆ.

ನೀರು ಹೊರಗೆ ಸೋರಬೇಕಲ್ವಾ, ಗಟಾರದ ನೀರು ಒಳಗೆ ಹೇಗೆ ಹೋಯಿತು ಅಂತ ನಿಮಗೆ ಅನಿಸಬಹುದು. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಆಗ ಹೊರಗೆ ಸೋರುತ್ತದೆ. ನೀರು ನಿಲ್ಲಿಸಿದಾಗ ಒತ್ತಡ ಹೋಗುತ್ತದೆ. ಪೈಪ್ ಖಾಲಿಯಾಗುತ್ತಾ ಸುತ್ತಲಿನದ್ದನ್ನು ಹೀರಿಕೊಳ್ಳುತ್ತದೆ. ನಮ್ಮಲ್ಲಿ ನೀರು ದಿನದ ಜಾಸ್ತಿ ಹೊತ್ತು ನಿಂತೇ ಇರುತ್ತದೆ. ಹೀಗಾಗಿ ಜಾಸ್ತಿ ಹೊತ್ತು ಪೈಪಿನೊಳಗೆ ಹೊಲಸು ಸೇರುವುದಕ್ಕೆ ದಾರಿ ಇರುತ್ತದೆ. ಇದರ ಜೊತೆಗೆ ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮಣ್ಣು ಹೀಗೆ ಎಳೆದಾಡಿದರೆ ಒಳಗಿನ ಪೈಪ್ ಸುಮ್ಮನಿರುತ್ತದಾ? ಜಾಯಿಂಟ್ ಬಿಡುತ್ತದೆ. ಮೊದಲ ಮಳೆಗೇ ಕಾಯಿಲೆ ಬರುವುದಕ್ಕೆ ಇದೂ ಒಂದು ಕಾರಣ.

ಇದು ನಾನು ಊಹೆ ಮಾಡಿ ಹೇಳುವ ಮಾತಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ಇದನ್ನು ಅಳೆದು ನೋಡಿದ್ದಾರೆ. 2008ರ ಸುಮಾರಿಗೆ ವಿಶ್ವ ಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ವ್ಯವಸ್ಥೆ ಮಾಡಿದರು. ಉಳಿದ ವಾರ್ಡುಗಳಲ್ಲಿ ಹಳೆಯ ಪದ್ಧತಿ, ಕೆಲವು ದಿನಕ್ಕೊಮ್ಮೆ ಕೆಲವು ಗಂಟೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಳದ ನೀರು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಆಗಾಗ ನೀರು ಬರುವ ಕಡೆ, ನೂರು ಮಾದರಿಯಲ್ಲಿ ಮೂವತ್ತಕ್ಕಿಂತ ಜಾಸ್ತಿಯಲ್ಲಿ ಮಲದಿಂದ ಬರುವ ಇ-ಕೋಲಿ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಸದಾ ನೀರಿರುವ ಕಡೆ, ನೂರಕ್ಕೆ ಒಂದೂ ಇಲ್ಲ. ಊರು ಒಂದೇ, ಪೈಪಿನೊಳಗೆ ಒತ್ತಡ ಇದೆಯೋ ಇಲ್ಲವೋ ಅನ್ನುವುದು ಬೇರೆ. ನೀರು ಬಿಟ್ಟ ಕೂಡಲೇ ಬರುವ ಮೊದಲ ನೀರಿನಲ್ಲೇ ಹೊಲಸು ಜಾಸ್ತಿ ಅಂತಲೂ ಅವರು ಕಂಡರು. ಅದಕ್ಕೆ ತಾಯಂದಿರೇ, ಮೊದಲ ಒಂದೆರಡು ಕೊಡ ಕುಡಿಯುವುದಕ್ಕೆ ಹಿಡಿಯಬೇಡಿ. ಬಟ್ಟೆಗೆ, ಗಿಡಕ್ಕೆ, ದನದ ಮೈ ತೊಳೆಯುವುದಕ್ಕೆ ಬಳಸಿ. ಆಮೇಲಿನದು ಕುಡಿಯಲು.

ಇನ್ನು ನಳಕ್ಕೆ ಮೋಟಾರ್ ಹಚ್ಚುವವರು. ಇಲ್ಲಿ ಯಾರ ಮುಖವನ್ನೂ ನೋಡಿ ಹೇಳುತ್ತಿಲ್ಲ. ಮೋಟಾರ್ ಹಚ್ಚಿದ ಮನೆ ಪೈಪನ್ನು ಬಲವಂತವಾಗಿ ಹೀರುತ್ತದೆ. ಓಣಿಯ ಕೊನೆಯ ಮನೆಗೆ ನೀರೇ ಹೋಗುವುದಿಲ್ಲ. ಅದು ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಏನಂದರೆ, ಎಲ್ಲೋ ಒಂದು ಜಾಯಿಂಟ್ ಬಿಟ್ಟಿದ್ದರೆ ಮೋಟಾರ್ ಗಟಾರವನ್ನೂ ಎಳೆದುಕೊಳ್ಳುತ್ತದೆ. ಆ ಹೊಲಸು ಮೊದಲು ಬರುವುದು ಮೋಟಾರ್ ಇದ್ದವರ ಮನೆಗೇ.

ತಿರುಪು ಇಲ್ಲದ ನಳ ಇನ್ನೊಂದು. ಪೈಪ್ ಬಾಯಿ ತೆರೆದೇ ಇರುತ್ತದೆ, ಕೊಡ ತುಂಬಿದ ಮೇಲೂ ನೀರು ಗಟಾರಕ್ಕೆ. ನಿಮಿಷಕ್ಕೆ ಹತ್ತು ಲೀಟರ್ ಅಂದರೂ ಅರ್ಧ ಗಂಟೆಗೆ 300 ಲೀಟರ್. ಐದು ಜನರ ಮನೆಯೊಂದರ ದಿನದ ಪಾಲಿಗಿಂತ ಜಾಸ್ತಿ. ಒಂದು ತಿರುಪಿಗೆ ಎಷ್ಟಾಗುತ್ತದೆ ಹೇಳಿ?

ಬ್ಲೀಚಿಂಗ್ ಪೌಡರ್ ಬಗ್ಗೆಯೂ ಹೇಳಿಬಿಡುತ್ತೇನೆ. ಒಳ್ಳೆಯ ಪೌಡರ್ ಆದರೆ, ತಿಳಿ ನೀರಿಗೆ, ಸಾವಿರ ಲೀಟರಿಗೆ ಎರಡೂವರೆಯಿಂದ ಐದು ಗ್ರಾಂ ಸಾಕು. 50,000 ಲೀಟರ್ ಟ್ಯಾಂಕಿಗೆ ಕಾಲು ಕೆಜಿಯ ಒಳಗೇ ಆಯಿತು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆಯಾದರೂ ಬಿಟ್ಟು ನೀರು ಬಿಡಬೇಕು. ಓಣಿಯ ಕೊನೆಯ ನಳದಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಚೀಲದ ಬಾಯಿ ಬಿಚ್ಚಿ ಮೂಲೆಯಲ್ಲಿ ಇಟ್ಟ ಪೌಡರ್ ಗಾಳಿಗೆ ಸತ್ವ ಕಳೆದುಕೊಳ್ಳುತ್ತದೆ. ವಾಸನೆ ಇಲ್ಲದ ಪೌಡರ್ ಎಷ್ಟು ಹಾಕಿದರೂ ಒಂದೇ. 'ನೀರು ವಾಸನೆ ಬರ್ತದ' ಅಂತ ನೀರುಗಂಟಿಯ ಮೇಲೆ ಜಗಳಕ್ಕೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ತೆಳ್ಳಗೆ ಆ ವಾಸನೆ ಬಂದರೆ ಅವನು ತನ್ನ ಕೆಲಸ ಮಾಡಿದ್ದಾನೆ ಅಂತ ಅರ್ಥ.

ಕ್ಲೋರಿನ್‌ಗೆ ಜಗ್ಗದ ಒಂದು ಕಾಟ ನಮ್ಮ ಜಿಲ್ಲೆಯಲ್ಲಿದೆ. ಫ್ಲೋರೈಡ್. ಗದಗ, ಮುಂಡರಗಿ, ರೋಣ ಕಡೆಯ ಎಷ್ಟೋ ಬೋರ್ ನೀರಿನಲ್ಲಿ ಅದು ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಮೇಲಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ. ಇನ್ನೂ ಹೆಚ್ಚಾದರೆ ದೊಡ್ಡವರ ಬೆನ್ನು, ಮೊಣಕಾಲು ಹಿಡಿದುಕೊಳ್ಳುತ್ತದೆ. ಒಂದು ತಪ್ಪು ತಿಳಿವಳಿಕೆ ಇದೆ, ಕಾಸಿ ಕುಡಿದರೆ ಸರಿ ಅಂತ. ಕಾಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯೇ ಆಗುತ್ತದೆ. ಅದಕ್ಕೇ ತುಂಗಭದ್ರೆ, ಮಲಪ್ರಭೆಯ ಹೊಳಿ ನೀರು ಹಳ್ಳಿಗೆ ಬಂದದ್ದು ನಮಗೆ ದೊಡ್ಡ ಭಾಗ್ಯ. ಹೊಳಿ ನೀರು ಬರದ ದಿನ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ಆ ಘಟಕಗಳ ಕಥೆಯೂ ಟ್ಯಾಂಕಿನದೇ ಕಥೆ. ಕಟ್ಟಿದ ವರ್ಷ ಸಾಲು ನಿಲ್ಲುತ್ತದೆ. ನೀರು ಸೋಸುವ ಪೊರೆ ಬದಲಿಸುವ ಹೊತ್ತಿಗೆ, ಮೋಟಾರ್ ಸುಟ್ಟ ಹೊತ್ತಿಗೆ, ಬೀಗ ಬೀಳುತ್ತದೆ. ಎಷ್ಟು ಘಟಕದ ಮುಂದೆ ಬಳ್ಳಿ ಹಬ್ಬಿದೆ ಅಂತ ನೀವೇ ನೋಡಿದ್ದೀರಿ.

ಇಲ್ಲಿಗೆ ದುಡ್ಡಿನ ಮಾತು ಬಂತು. ವಸೂಲಿಗಾರನ ಮಾತು ಅಂತ ಬೇಸರ ಮಾಡಿಕೊಳ್ಳಬೇಡಿ. 2021ರಿಂದ 2026ರವರೆಗೆ ಪಂಚಾಯಿತಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ ಅರವತ್ತು ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಆದರೆ ಸಂಬಳ ಕೊಡಲು ಆ ಅನುದಾನ ಬಳಸುವ ಹಾಗಿರಲಿಲ್ಲ. ನೀರೆತ್ತುವ ಮೋಟಾರಿನ ಕರೆಂಟ್ ಬಿಲ್ ಪಂಚಾಯಿತಿಗಳ ಬೆನ್ನ ಮೇಲಿನ ದೊಡ್ಡ ಭಾರ. ರಾತ್ರಿ ಹನ್ನೊಂದಕ್ಕೆ ಜಾಯಿಂಟ್ ಬಿಟ್ಟರೆ ಬೆಳಗಾಗುವುದರೊಳಗೆ ಪೈಪ್ ಜೋಡಿಸುವ ಒಂದು ಕಾಲರ್ ತರಲು ಬೇಕಾಗುವುದು ಪಂಚಾಯಿತಿಯ ಸ್ವಂತ ದುಡ್ಡು. ಅಂದರೆ ನಿಮ್ಮ ಮನೆ ಕರ, ನೀರಿನ ಕರ. ನಾನು ವಸೂಲಿಗೆ ಹೋದಾಗ ಜನ ಹೇಳುತ್ತಿದ್ದದ್ದು, 'ಮೊದಲು ನೀರು ಸರಿ ಬಿಡ್ರಿ, ಆಮೇಲೆ ಕೇಳ್ರಿ'. ಆ ಮಾತಲ್ಲಿ ತಪ್ಪಿರಲಿಲ್ಲ. ಕಚೇರಿಯಲ್ಲಿ ನಾವು ಹೇಳುತ್ತಿದ್ದದ್ದು, 'ಮೊದಲು ಕರ ಬರಲಿ'. ಅದರಲ್ಲೂ ತಪ್ಪಿರಲಿಲ್ಲ. ಹಾಗೇ ಹತ್ತು ವರ್ಷ ಹೋಯಿತು. ಕೊನೆಗೆ ಒಂದು ಓಣಿಯ ಹೆಣ್ಣುಮಕ್ಕಳ ಸಂಘದವರು ಮುಂದೆ ಬಂದರು. 'ನಮ್ಮ ಓಣಿಯ ಕರ ನಾವು ಕೂಡಿಸಿ ಕೊಡ್ತೀವಿ, ಎಷ್ಟು ಬಂತು, ಎಲ್ಲಿ ಹೋಯ್ತು ಬರೆದು ಹಾಕ್ರಿ' ಅಂದರು. ನಾವು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹಾಕಿದೆವು. ಎರಡು ವಾಲ್ವ್, ಒಂದು ಸ್ಟಾರ್ಟರ್, ಬ್ಲೀಚಿಂಗ್ ಪೌಡರ್ ಒಂದು ಚೀಲ. ಮರುವರ್ಷ ಇನ್ನೆರಡು ಓಣಿಯವರು ಬಂದರು.

ಕೂಡಿಸಿ ಇಡುವ ಬುದ್ಧಿ ಈ ಮಣ್ಣಿಗೆ ಹೊಸತಲ್ಲ. ಇದೇ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಶುರು ಮಾಡಿದರು. ಇಡೀ ದೇಶದಲ್ಲೇ ಮೊದಲನೆಯದು ಅಂತ ಹೆಸರಾದ ಸಂಘ. ಸಹಕಾರ ಕಾಯ್ದೆ ಬಂದದ್ದು 1904ರಲ್ಲಿ. ಒಂದೇ ವರ್ಷದಲ್ಲಿ ಒಂದು ಹಳ್ಳಿ ಅದನ್ನು ಕೈಗೆತ್ತಿಕೊಂಡಿತು. ಇನ್ನೂ ಹಿಂದೆ ಹೋದರೆ ಲಕ್ಕುಂಡಿ ಇದೆ, 'ನೂರೊಂದು ಬಾವಿ, ನೂರೊಂದು ಗುಡಿ' ಅನ್ನುವ ಊರು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತು ನೋಡಿ. ಆ ಕಲ್ಲು ಕೆತ್ತಿದವರ ಕೈ ಚಳಕವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ನೆನಪಾಗುವುದು ವರ್ಷ ವರ್ಷ ಹೂಳು ತೆಗೆದವರು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವರಿಲ್ಲದೆ ಅಷ್ಟು ಕಾಲ ಬಾವಿ ನೀರು ಕೊಡುತ್ತಿರಲಿಲ್ಲ.

ಬೀದಿ ದೀಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಗಲೆಲ್ಲ ಉರಿಯುವ ದೀಪ ಕಂಡರೆ ಪಂಚಾಯಿತಿಗೆ ತಿಳಿಸಿ, ಆ ಬಿಲ್ ನಿಮ್ಮದೇ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ, 1912ಕ್ಕೆ ಫೋನ್ ಮಾಡಿ. ಕಸದ ಗಾಡಿ ನಮ್ಮ ಎಷ್ಟೋ ಊರಲ್ಲಿ ಈಗ ಹೆಣ್ಣುಮಕ್ಕಳೇ ಓಡಿಸುತ್ತಿದ್ದಾರೆ, ಸ್ವಸಹಾಯ ಸಂಘದವರು. ಸ್ಟೇರಿಂಗ್ ಹಿಡಿದ ಮೊದಲ ವಾರ ಓಣಿಯಲ್ಲಿ ನಕ್ಕವರು ಇದ್ದರು. ಈಗ ಗಾಡಿ ಬರುವುದು ತಡವಾದರೆ ಆ ನಕ್ಕವರೇ ಫೋನ್ ಮಾಡಿ ಕೇಳುತ್ತಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಕೊಡಿ. ಅದನ್ನು ವಿಂಗಡಿಸುವುದು ಯಾರದೋ ಬರಿಗೈ.

ಈಗ ನಾವು ಕೂತಿರುವ ಈ ಕೋಣೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ಮಕ್ಕಳನ್ನು ಗ್ರಂಥಾಲಯಕ್ಕೆ ಕರೆಯುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನೀರು, ದೀಪ, ಗಟಾರದ ಸಾಲಿನಲ್ಲಿ ಪುಸ್ತಕವನ್ನೂ ಇಟ್ಟದ್ದು ನನಗೆ ಬಹಳ ಹಿಡಿಸಿತು. ಈ ಕಪಾಟಿನ ಕೆಳಗಿನ ಸಾಲು ನೋಡಿ, ಬೆನ್ನು ಹರಿದ ಪುಸ್ತಕಗಳು. ಯಾರೋ ಗೋಂದು, ಬಟ್ಟೆ ಪಟ್ಟಿ ಹಚ್ಚಿ ಸರಿ ಮಾಡಿದ್ದಾರೆ. ಗ್ರಂಥಪಾಲಕರನ್ನು ಕೇಳಿದೆ, ಏಳನೇ ಇಯತ್ತೆಯ ಇಬ್ಬರು ಹುಡುಗಿಯರಂತೆ. ಎದ್ದು ನಿಲ್ಲಿ ತಂಗಿಯರೇ, ಎಲ್ಲರೂ ನೋಡಲಿ.

ಕೊನೆಗೆ ವಾರ್ಡ್ ಸಭೆ. 1993ರ ಪಂಚಾಯತ್ ರಾಜ್ ಕಾಯ್ದೆ ನಮಗೆ ವಾರ್ಡ್ ಸಭೆ, ಗ್ರಾಮ ಸಭೆ ಎರಡನ್ನೂ ಕೊಟ್ಟಿದೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಾನು ಎಷ್ಟೋ ವಾರ್ಡ್ ಸಭೆಗೆ ಜಮಖಾನೆ ಹಾಸಿ ಕಾದಿದ್ದೇನೆ. ಬಂದವರು ಹನ್ನೆರಡು ಜನ, ಅದರಲ್ಲಿ ಹನ್ನೊಂದು ಗಂಡಸರು. ಅವರು ಕೇಳಿದ್ದು ರಸ್ತೆ, ಸಮುದಾಯ ಭವನ, ಕಮಾನು. ನೀರು ಹೊರುವವರು ಬಂದಿದ್ದರೆ ವಾಲ್ವ್ ಕೇಳುತ್ತಿದ್ದರು. ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧ ಜನ ಹೆಣ್ಣುಮಕ್ಕಳು ಇರಬೇಕು ಅಂತ ನಿಯಮವೇ ಇದೆ. ಪ್ರತಿ ಊರಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು ಅಂತಲೂ ಇದೆ. ನಿಮ್ಮೂರಲ್ಲಿ ಕಲಿತವರು ಇಲ್ಲೇ ಇದ್ದಾರೆ, ಕಿಟ್ ಕೂಡ ತಂದಿದ್ದಾರೆ. ಭಾಷಣ ಸಾಕು. ಹೊರಗೆ ಕಟ್ಟೆಯ ಮೇಲೆ ಮೇಜು ಹಾಕಿದೆ. ಮನೆಗೆ ಹೋಗಿ ನೀವು ಕುಡಿಯುವ ನೀರು ಒಂದೊಂದು ಬಾಟಲಿ ತನ್ನಿ. ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಸಲ ತೊಳೆದು ಆಮೇಲೆ ತುಂಬಿ. ಮೇಲೆ ಓಣಿಯ ಹೆಸರು ಬರೆಯಿರಿ.

(ಮಾತು ಮುಗಿದ ಮೇಲೆ ಹದಿನಾಲ್ಕು ಬಾಟಲಿ ಬಂದವು. ಫ್ಲೋರೈಡ್ ದ್ರಾವಣ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಹಳದಿಯ ಕಡೆ ವಾಲುತ್ತದೆ. ಹನ್ನೆರಡು ಬಾಟಲಿ ಗುಲಾಬಿಯಾಗಿಯೇ ನಿಂತವು. ಎರಡು ಹಳದಿಯಾದವು. ಎರಡೂ ಒಂದೇ ಓಣಿಯ ಒಂದು ಬೋರಿನವು. ಹೊಳಿ ನೀರು ಬರದ ದಿನ ಆ ಓಣಿಯವರು ಅದನ್ನೇ ಕುಡಿಯುತ್ತಾರೆ. ಪ್ರಯೋಗಾಲಯಕ್ಕೆ ಕಳಿಸಲು ಇನ್ನೊಂದು ಬಾಟಲಿ ತುಂಬಿಸಿದರು. ಪರೀಕ್ಷೆ ಮಾಡಿದ ಹೆಣ್ಣುಮಗಳು ನೋಟ್‌ಬುಕ್ಕಿನಲ್ಲಿ ಓಣಿಯ ಹೆಸರು, ತಾರೀಖು ಬರೆದು, ಪಕ್ಕದಲ್ಲಿ 'ವಾರ್ಡ್ ಸಭೆ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಳು.)